ರಹೀಮಾಬೀ ಕಟ್ಟಿದ ಗಂಟು

ಮಸ್ಕಿಯಲ್ಲಿ ದಸ್ತಗೀರ್‌ಸಾಬರ ಮನೆಯ ಪಡಸಾಲೆಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಎದುರು ಗೋಡೆಯ ಹಲಗೆ. ಹಣ್ಣಿನ ಪೆಟ್ಟಿಗೆ ಒಡೆದು ಜೋಡಿಸಿದ ಹಲಗೆ, ಚೆಂದವೇನೂ ಇಲ್ಲ. ಅದಕ್ಕೆ ಎರಡು ಸಾಲು ಮೊಳೆ. ಮೊಳೆಗಳಿಗೆ ಸವೆದು ನುಣುಪಾದ ಹಿತ್ತಾಳೆಯ ಬಿಲ್ಲೆಗಳು. ಒಂದೊಂದು ಬಿಲ್ಲೆಗೂ ಒಂದೊಂದು ಚೀಟಿ ಅಂಟಿಸಿದೆ: ವಾಘಾ, ತಫ್ತಾನ್, ಮೋರೆ, ದುಬೈ, ಬಂದರ್ ಅಬ್ಬಾಸ್, ಮೆಹ್ರಾನ್. ಬಿಲ್ಲೆ ಮೇಲಿನ ಸಾಲಿನಲ್ಲಿದ್ದರೆ ಆ ಗಡಿ ತೆರೆದಿದೆ, ಕೆಳಗಿನ ಸಾಲಿನಲ್ಲಿದ್ದರೆ ಮುಚ್ಚಿದೆ. ಕೊರೊನಾ ಬಂದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬಿಲ್ಲೆಗಳು ಬಹುಪಾಲು ಕೆಳಗಿನ ಸಾಲಿನಲ್ಲೇ ತೂಗಿದವು.

ಈ ಏರ್ಪಾಡನ್ನು ದಸ್ತಗೀರ್‌ಸಾಬರು ಹಟ್ಟಿಯಿಂದ ತಂದರು. ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತೊಂದು ವರ್ಷ ಅವರು ದೀಪದ ಕೋಣೆಯಲ್ಲಿ ದುಡಿದವರು. ಗಣಿಗೆ ಇಳಿಯುವವನು ತನ್ನ ನಂಬರಿನ ಬಿಲ್ಲೆಯನ್ನು ಅಲ್ಲಿ ಕೊಟ್ಟು ತಲೆದೀಪ ಪಡೆಯುತ್ತಿದ್ದ. ಬಿಲ್ಲೆ ಹಲಗೆಯ ಮೊಳೆಗೆ ಹೋಗುತ್ತಿತ್ತು. ಪಾಳಿ ಮುಗಿಸಿ ಮೇಲೆ ಬಂದವನು ದೀಪ ಮರಳಿಸಿ ಬಿಲ್ಲೆ ಒಯ್ಯುತ್ತಿದ್ದ. ಮೊಳೆಯ ಮೇಲೆ ಬಿಲ್ಲೆ ಉಳಿದಿದೆ ಎಂದರೆ ನೆಲದ ಕೆಳಗೆ ಒಬ್ಬ ಮನುಷ್ಯ ಉಳಿದಿದ್ದಾನೆ ಎಂದರ್ಥ. ಅವನು ಬರುವ ತನಕ ದೀಪದ ಕೋಣೆಯವನು ಮನೆಗೆ ಹೋಗುವಂತಿಲ್ಲ. ಆ ಹಲಗೆಯನ್ನು ಬೇರೆ ಯಾರೂ ಮುಟ್ಟುವಂತೆಯೂ ಇಲ್ಲ.

ಒಮ್ಮೆ ಪೀರ್‌ಸಾಬ್ ಎಂಬ ಗಣಿಯಾಳಿನ ಬಿಲ್ಲೆ ಹಾಗೆ ಉಳಿಯಿತು. ಅವನು ಇನ್ನೊಂದು ದಾರಿಯಿಂದ ಮೇಲೆ ಬಂದು ದೀಪದ ಸಮೇತ ಮನೆಗೆ ಹೋಗಿರಬೇಕು, ನಾಳೆ ನೋಡಿದರಾಯಿತು ಎಂದು ಜೊತೆಯವರೆಲ್ಲ ಹೇಳಿದರು. ದಸ್ತಗೀರ್‌ಸಾಬರು ಒಪ್ಪಲಿಲ್ಲ. ಬಿಲ್ಲೆ ಸುಳ್ಳು ಹೇಳುವುದಿಲ್ಲ ಎಂದು ಹಟ ಹಿಡಿದು ನಿಂತರು. ಕೊನೆಗೆ ಹುಡುಕಲು ಇಳಿದವರಿಗೆ ಪೀರ್‌ಸಾಬ್ ಕಾಲು ಮುರಿದುಕೊಂಡು ಕಲ್ಲಿನ ಮರೆಯಲ್ಲಿ ಕುಳಿತದ್ದು ಕಂಡಿತು. ಅಂದು ಅವನನ್ನು ಯಂತ್ರದ ತೊಟ್ಟಿಲಿನಲ್ಲಿ ಮೇಲಕ್ಕೆ ಎಳೆದವನು ಪಂಪಣ್ಣ. ತೊಟ್ಟಿಲಿನ ಯಂತ್ರ ನಡೆಸುವುದು ಅವನ ಕೆಲಸ. ಇಬ್ಬರಿಗೂ ಅಂದು ಬೆಳೆದ ಸ್ನೇಹ. ನಿವೃತ್ತರಾದ ಮೇಲೆ ಇಬ್ಬರೂ ಮಸ್ಕಿಯಲ್ಲೇ ನೆಲೆಸಿದರು; ಒಬ್ಬರ ಮನೆಯಲ್ಲಿ ಚಹಾ ಕುದಿದರೆ ಇನ್ನೊಬ್ಬರು ಅಲ್ಲಿರುತ್ತಿದ್ದರು. ಗಣಿಯವರು ಎಸೆಯಲಿದ್ದ ಹಳೆಯ ಬಿಲ್ಲೆಗಳಲ್ಲಿ ಒಂದು ಹಿಡಿಯನ್ನು ದಸ್ತಗೀರ್‌ಸಾಬರು ಕೇಳಿ ತಂದಿದ್ದರು. ಅವು ಹೀಗೆ ಕೆಲಸಕ್ಕೆ ಬರುತ್ತವೆಂದು ಯಾರು ಕಂಡಿದ್ದರು.

ಪಂಪಣ್ಣನಿಗೆ ಹಟ್ಟಿಯ ದಿನಗಳಿಂದ ಒಂದು ದೂರು ಇತ್ತು. ದಸ್ತಗೀರ್‌ಸಾಬರ ಹೆಂಡತಿ ರಹೀಮಾಬೀ ಪಾಳಿಗೆ ಕಳಿಸುತ್ತಿದ್ದ ಬುತ್ತಿಯ ಗಂಟನ್ನು ಅವನಿಗೆ ಎಂದೂ ಬಿಚ್ಚಲು ಆಗುತ್ತಿರಲಿಲ್ಲ. ಎಳೆದಷ್ಟೂ ಬಿಗಿಯಾಗುವ ಗಂಟು ಅದು. ರೊಟ್ಟಿ ಕದಿಯುವವರಿಗಾಗಿಯೇ ಅತ್ತಿಗೆ ಕಲಿತ ವಿದ್ಯೆ ಎಂದು ಅವನು ನಗೆಯಾಡುತ್ತಿದ್ದ. ದಸ್ತಗೀರ್‌ಸಾಬರು ಮಾತ್ರ ಒಂದು ಬೆರಳಿನಲ್ಲಿ ಬಿಚ್ಚುತ್ತಿದ್ದರು.

ರಹೀಮಾಬೀಗೆ ಮದುವೆಯಾಗಿ ಹನ್ನೊಂದು ವರ್ಷ ಮಕ್ಕಳಾಗಲಿಲ್ಲ. ಪ್ರತಿ ವರ್ಷ ಗ್ಯಾರವ್ವಿಯ ದಿನ, ಅಂದರೆ ಬಗ್ದಾದಿನ ದಸ್ತಗೀರ್ ಪೀರರ ಹೆಸರಿನಲ್ಲಿ ಫಾತಿಹಾ ಓದಿಸಿ ಸಿಹಿ ಹಂಚುವ ದಿನ, ಅವಳು ಕೈಯೆತ್ತಿ ಬೇಡುತ್ತಿದ್ದಳು. ಗಂಡನ ಹೆಸರೂ ಆ ಪೀರರದೇ. ಕೊನೆಗೆ ಜಾಹೀದ್ ಹುಟ್ಟಿದ. ಇವನನ್ನು ಒಂದು ದಿನ ಬಗ್ದಾದಿನ ಹೊಸ್ತಿಲಿಗೆ ಕಳಿಸುತ್ತೇನೆ ಎಂದು ಅವಳು ಹರಕೆ ಹೊತ್ತಳು. ಗಣಿಯ ದೀಪದವನ ಹೆಂಡತಿ ಬಗ್ದಾದಿಗೆ ಹರಕೆ ಹೊರುವುದೇ ಎಂದು ನೆಂಟರು ಬಾಯಿ ಮುಚ್ಚಿಕೊಂಡು ನಕ್ಕರು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಜಾಹೀದ್ ಬೆಳೆದು ಸಿಂಧನೂರಿನಲ್ಲಿ ಮೋಟಾರ್ ಸೈಕಲ್ ರಿಪೇರಿಯ ಅಂಗಡಿ ಇಟ್ಟ. ಮಾತು ಕಡಿಮೆ, ಕೈ ಚುರುಕು. ಗುಜರಿಯಿಂದ ತಂದ ಹಳೆಯ ಬುಲೆಟ್ಟೊಂದಕ್ಕೆ ಮೂರು ವರ್ಷ ಕೂತು ಜೀವ ಬರಿಸಿದ. ಅದರ ಮೇಲೆ ನೆಲದ ದಾರಿಯಲ್ಲಿ ದೇಶ ದೇಶ ದಾಟಿ ಹೋಗಬೇಕೆಂಬುದು ಅವನ ಹುಚ್ಚು. ತಂದೆಗೆ ಹೇಳಲು ಧೈರ್ಯವಿಲ್ಲ. ತಾಯಿಗೆ ಹೇಳಿದ. ರಹೀಮಾಬೀ ಜಾಣೆ. ಮಗನಿಗೆ ದಾರಿ ಬೇಕಿತ್ತು, ಅವಳು ಆ ದಾರಿಗೆ ಒಂದು ಊರು ಕೊಟ್ಟಳು. ಹರಕೆ ತೀರಿಸಲು ಹೊರಟವನನ್ನು ಯಾವ ತಂದೆ ತಡೆಯುತ್ತಾನೆ. ದಸ್ತಗೀರ್‌ಸಾಬರಿಗೆ ಈ ಉಪಾಯ ತಿಳಿಯದೆ ಇರಲಿಲ್ಲ, ತಿಳಿದೂ ಸುಮ್ಮನಿದ್ದರು.

ದಾರಿಯ ಲೆಕ್ಕಾಚಾರವೆಲ್ಲ ಸೊಸೆ ಅತೀಯಾಳದು. ಮಸ್ಕಿಯ ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೊಂದು ಆನ್‌ಲೈನ್ ಅಂಗಡಿ. ಆಧಾರ್, ರೇಷನ್ ಕಾರ್ಡು, ಬೆಳೆ ವಿಮೆ, ಜಾತಿ ಪ್ರಮಾಣಪತ್ರ, ಸುತ್ತಲ ಹತ್ತು ಹಳ್ಳಿಯ ಜನರ ಅರ್ಜಿಗಳೆಲ್ಲ ಅವಳ ಬೆರಳಿನಿಂದಲೇ ಹೋಗಬೇಕು. ಯಾವ ಕಚೇರಿ ಯಾವ ಕಾಗದವನ್ನು ಯಾವ ನೆಪ ಹೇಳಿ ವಾಪಸು ಕಳಿಸುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಸರಕಾರ ಯಾವ ದೇಶದ್ದಾದರೂ ಅರ್ಜಿಯ ಗುಣ ಒಂದೇ ಎಂದು ಅವಳು ಹೇಳುತ್ತಿದ್ದಳು. ಮನುಷ್ಯರಿಗೆ ಪಾಸ್‌ಪೋರ್ಟ್ ಇರುವಂತೆ ಗಾಡಿಗೂ ಒಂದು ಗಡಿ ದಾಟುವ ಪುಸ್ತಕ ಬೇಕಂತೆ. ಮೊದಲ ಸಲ ತಪ್ಪು, ಎರಡನೆಯ ಸಲ ತಪ್ಪು, ಮೂರನೆಯ ಸಲ ಅದು ಅವಳ ಕೈಗೆ ಬಂತು. ಮುಂಬಯಿಯಿಂದ ಹಡಗಿನಲ್ಲಿ ಗಾಡಿ ದುಬೈಗೆ, ಅಲ್ಲಿಂದ ದೋಣಿಯಲ್ಲಿ ಇರಾನಿನ ಬಂದರ್ ಅಬ್ಬಾಸಿಗೆ, ಇರಾನನ್ನು ಉದ್ದಕ್ಕೆ ದಾಟಿ ಮೆಹ್ರಾನಿನ ಗಡಿಯಲ್ಲಿ ಇರಾಕಿಗೆ. ಜಾಹೀದ್ ನಡೆಸುವವನು, ಅತೀಯಾ ಹಿಂದೆ ಕೂತು ದಾರಿ ತೋರುವವಳು.

ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯ ಒಂದು ಗುರುವಾರ ಇಬ್ಬರೂ ಹೊರಟರು. ಹೊಸ್ತಿಲಲ್ಲಿ ರಹೀಮಾಬೀ ಇಮಾಮ್ ಜಾಮೀನ್ ಕಟ್ಟಿದಳು. ಪ್ರಯಾಣ ಹೊರಟವರ ಬಲತೋಳಿಗೆ ಹಸಿರು ಬಟ್ಟೆಯಲ್ಲಿ ಒಂದು ನಾಣ್ಯ ಸುತ್ತಿ ಕಟ್ಟುವುದು ಅವರ ಮನೆತನದ ಪದ್ಧತಿ. ಸೇರಬೇಕಾದ ಊರು ಸೇರಿದ ಮೇಲೆ ಅದನ್ನು ಬಿಚ್ಚಿ, ನಾಣ್ಯವನ್ನು ಅಲ್ಲಿಯ ಬಡವರಿಗೆ ಕೊಡಬೇಕು. ಅಲ್ಲಿಯ ತನಕ ಬಿಚ್ಚುವಂತಿಲ್ಲ, ಕತ್ತರಿಸುವಂತಂತೂ ಇಲ್ಲವೇ ಇಲ್ಲ. ಮಗನಿಗೆ ಕಟ್ಟಬಹುದೆಂದು ಎಲ್ಲರೂ ತಿಳಿದಿದ್ದರು. ರಹೀಮಾಬೀ ಸೊಸೆಯ ತೋಳು ಹಿಡಿದಳು. ಗಾಡಿ ಅವನ ಕೈಯಾಗೈತಿ, ದಾರಿ ನಿನ್ನ ಕೈಯಾಗೈತಿ ಎಂದು ಹೇಳಿ, ತನ್ನ ಬುತ್ತಿಗಂಟನ್ನೇ ಹಾಕಿದಳು.

ಮುಂಬಯಿಯಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇರಾನಿನಲ್ಲಿ ಬೇನೆ ಹಬ್ಬಿತು, ಇರಾಕಿನವರು ಗಡಿ ಮುಚ್ಚಿದರು, ಆಮೇಲೆ ದುಬೈ, ಆಮೇಲೆ ಎಲ್ಲವೂ. ಎರಡು ಮೂರು ವಾರ ನೆಂಟರ ಮನೆಯಲ್ಲಿ ಕಾದು, ಇಬ್ಬರೂ ಬಂದ ದಾರಿಯಲ್ಲೇ ಮರಳಿದರು. ಬಾಗಿಲಲ್ಲಿ ಅತೀಯಾ ತಲೆ ತಗ್ಗಿಸಿ, ತೋಳು ಮುಂದೆ ಮಾಡಿ, ಇದನ್ನು ಬಿಚ್ಚಿಬಿಡಿ ಅಮ್ಮೀ ಎಂದಳು.

"ಯಾಕ ಬಿಚ್ಚಬೇಕು?" ಎಂದಳು ರಹೀಮಾಬೀ. "ನೀವು ಎಲ್ಲಿ ವಾಪಸ್ ಬಂದೀರಿ. ನಡುದಾರ್‍ಯಾಗ ಒಂದ್ ಕಡೆ ತಂಗೀರಿ ಅಷ್ಟ. ಈ ಮನಿ ದಾರಿಹೋಕರು ತಂಗೋ ಸರಾಯಿ ಅಂತ ತಿಳ್ಕೋರಿ. ಚಾ ಕುಡೀರಿ."

ಆ ಮಾತು ಮನೆಯವರೆಲ್ಲರ ಬೆನ್ನು ನೆಟ್ಟಗೆ ಮಾಡಿತು. ಹಲಗೆಯ ಯೋಚನೆ ಬಂದದ್ದು ಆಗಲೇ. ದಸ್ತಗೀರ್‌ಸಾಬರು ಹಣ್ಣಿನ ಪೆಟ್ಟಿಗೆ ಒಡೆದು, ಮೊಳೆ ಹೊಡೆದು, ಗಡಿಗೊಂದರಂತೆ ಬಿಲ್ಲೆ ಹಾಕಿದರು. ಎಲ್ಲಕ್ಕಿಂತ ಕೆಳಗೆ ಬೇರೆಯಾಗಿ ಇನ್ನೆರಡು ಮೊಳೆ, ಅವಕ್ಕೆ ಜಾಹೀದನದೊಂದು, ಅತೀಯಾಳದೊಂದು ಬಿಲ್ಲೆ. ದಿನಾಲು ಬೆಳಗಿನ ನಮಾಜು ಮುಗಿಸಿ ರೇಡಿಯೋ ಕೇಳಿ, ಉರ್ದು ಪತ್ರಿಕೆ ಓದಿ, ಯಾವ ಗಡಿ ಏನಾಗಿದೆ ಎಂದು ನೋಡಿ ಬಿಲ್ಲೆ ಸರಿಸುವುದು ಅವರ ಕೆಲಸ. ಇದು ದೀಪದ ಕೋಣೆಯ ಹಲಗೆ ಇದ್ದಂತೆ, ನನ್ನ ಹೊರತು ಯಾರೂ ಮುಟ್ಟಬಾರದು ಎಂದು ಮೊದಲ ದಿನವೇ ಸಾರಿದರು. ಸೀಮಿ ಮ್ಯಾಲಿನ ದೇಶಗಳೆಲ್ಲ ನಿನ್ನ ಮೊಳಿಗೆ ಜೋತು ಬಿದ್ದಾವಲ್ಲೋ ಮಾರಾಯ ಎಂದು ಪಂಪಣ್ಣ ಅಣಕಿಸಿದ.

ಆ ಎರಡು ವರ್ಷ ತಾವು ಕಂಡದ್ದನ್ನು ದಸ್ತಗೀರ್‌ಸಾಬರು ಯಾರಿಗೂ ಹೊಗಳಿ ಹೇಳಲಿಲ್ಲ. ಮಕ್ಕಳನ್ನು ಎದುರಿಗೆ ಹೊಗಳಿದರೆ ದೃಷ್ಟಿ ತಾಗುತ್ತದೆ ಎಂಬುದು ಅವರ ನಂಬಿಕೆ. ಆದರೆ ಮನಸ್ಸಿನಲ್ಲಿ ದಿನಾಲು ಬೆರಗುಪಡುತ್ತಿದ್ದರು. ಅಂಗಡಿ ಮುಚ್ಚಿದ ದಿನಗಳಲ್ಲಿ ಜಾಹೀದ್ ಅಂಗಳದಲ್ಲಿ ಚಾಪೆ ಹಾಸಿ, ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕಾರ್ಬುರೇಟರ್ ಬಿಚ್ಚಿ ಜೋಡಿಸುವುದನ್ನು ಕಲಿತ. ಗಣಿಯೊಳಗೆ ದೀಪ ಕೆಟ್ಟರೆ ಕತ್ತಲಲ್ಲೇ ಕೈಯಾಡಿಸಿ ಸರಿಮಾಡಬೇಕು ಎಂದು ಚಿಕ್ಕಂದಿನಲ್ಲಿ ತಂದೆ ಹೇಳಿದ್ದನ್ನು ಅವನು ಮರೆತಿರಲಿಲ್ಲ. ಮೊದಲ ದಿನ ಒಂದು ಸಣ್ಣ ಸ್ಪ್ರಿಂಗು ಸಿಡಿದು ಕೋಳಿಯ ನುಚ್ಚಿನಲ್ಲಿ ಬಿತ್ತು. ಮನೆಮಂದಿಯೆಲ್ಲ ಕೂತು ನುಚ್ಚು ಕೇರಿದರು. ಹದಿನೈದು ದಿನಕ್ಕೆ ಒಂದು ತಿರುಪೂ ಕೆಳಗೆ ಬೀಳದಾಯಿತು.

ಅತೀಯಾ ಪ್ರತಿ ಸೋಮವಾರ ದೇಶ ದೇಶದ ಕಚೇರಿಗಳಿಗೆ ಪತ್ರ ಬರೆದಳು. ಉತ್ತರ ಬಾರದಿದ್ದರೆ ಮುಂದಿನ ಸೋಮವಾರ ಅದನ್ನೇ ಇನ್ನೂ ವಿನಯದಿಂದ ಬರೆದಳು. ಹಡಗಿನ ದಾರಿ ಮುಚ್ಚಿದರೆ ವಾಘಾ, ತಫ್ತಾನ್ ದಾಟುವ ದಾರಿ ಬಿಡಿಸಿದಳು, ಅದಾಗದೆಂದು ತಿಳಿದಾಗ ಮಣಿಪುರದ ಮೋರೆ ದಾಟುವ ದಾರಿ, ಆ ಗಡಿಯಾಚೆ ದಂಗೆಯೆದ್ದಾಗ ಮತ್ತೆ ಹಡಗಿನದೇ. ಒಂದೊಂದು ದಾರಿಗೂ ನೀರು ಎಲ್ಲಿ, ಪೆಟ್ರೋಲು ಎಲ್ಲಿ, ಗಾಡಿ ಕೆಟ್ಟರೆ ತಂಗುವುದೆಲ್ಲಿ ಎಂದು ಗೆರೆ ಹಾಕಿದ ಹಾಳೆಯಲ್ಲಿ ಬರೆದಳು. ಗಾಡಿಯ ಪುಸ್ತಕದ ಅವಧಿ ಮುಗಿಯಿತು. ಹೊಸದಕ್ಕೆ ಮೊದಲಿನಿಂದ ಅರ್ಜಿ ಹಾಕಿದಳು. ಫಾರ್ಸಿಯ ನಾಲ್ಕು ಮಾತು ಕಲಿಯಲು ಕೂತಾಗ, ಜಮೀನು, ಸರಹದ್ದು, ದರ್ವಾಜೆ ಎಂದು ನಮ್ಮ ಮಂದಿ ಆಡುವ ಮಾತೇ ಅಲ್ಲೂ ನಡೆಯುತ್ತದೆಯೆಂದು ಕಂಡು ಮಾವನ ಮುಂದೆ ಓದಿ ತೋರಿಸಿ ನಕ್ಕಳು. ಇಷ್ಟೆಲ್ಲದರ ನಡುವೆ ಲಸಿಕೆಗೆ ಹೆಸರು ಬರೆಸಲು ಬಂದ ಮುದುಕರ ಸಾಲು ಅವಳ ಅಂಗಡಿಯ ಮುಂದೆ ಸಂತೆಕಲ್ಲೂರಿನ ಬಸ್ಸು ನಿಲ್ಲುವ ಜಾಗದ ತನಕ ಇರುತ್ತಿತ್ತು. ಒಬ್ಬರನ್ನೂ ಅವಳು ನಾಳೆ ಬನ್ನಿ ಎಂದು ಕಳಿಸಲಿಲ್ಲ.

ಎರಡನೆಯ ಅಲೆಯಲ್ಲಿ ರಹೀಮಾಬೀ ಹೋದಳು. ಲಿಂಗಸುಗೂರಿನ ಆಸ್ಪತ್ರೆಗೆ ಸೇರಿಸಿದ ಆರನೆಯ ದಿನ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ದಸ್ತಗೀರ್‌ಸಾಬರು ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು. ನರ್ಸಮ್ಮ ಒಬ್ಬಳು ಪುಣ್ಯಾತಗಿತ್ತಿ, ತನ್ನ ಫೋನಿನಿಂದ ಒಂದು ಸಲ ಮಾತಾಡಿಸಿದಳು. ರಹೀಮಾಬೀಯ ದನಿ ನೂಲಿನಂತೆ ತೆಳ್ಳಗಾಗಿತ್ತು. ಅತೀಯಾಳ ಗಂಟು ಬಿಚ್ಚಬೇಡಿ ಎಂದಳು. ಆಮೇಲೆ ಇನ್ನೂ ಏನೋ ಹೇಳಿದಳು. ಮಣ್ಣು ಅಲ್ಲಿಯೇ ಆಯಿತು, ಲಿಂಗಸುಗೂರಿನ ಖಬರಸ್ತಾನದಲ್ಲಿ. ಮೂವತ್ತು ಮಾರು ದೂರ ನಿಂತು ದಸ್ತಗೀರ್‌ಸಾಬರು ನಮಾಜು ಮಾಡಿದರು. ಅಲ್ಲಾಹನು ನಂಬಿ ಕೊಟ್ಟಿದ್ದ ಅಮಾನತು, ಅಲ್ಲಾಹನೇ ಒಯ್ದ ಎಂದು ಬಂದವರಿಗೆ ತಾವೇ ಸಮಾಧಾನ ಹೇಳಿದರು.

ಅಂದಿನಿಂದ ಅತೀಯಾಳ ತೋಳಿನ ಆ ಹಸಿರು ಬಟ್ಟೆಯ ಮೇಲೆ ಅವರ ಕಣ್ಣು. ರಹೀಮಾಬೀಯ ಕೈ ಈ ಲೋಕದಲ್ಲಿ ಹಾಕಿ ಹೋದ ಕೊನೆಯ ಗಂಟು ಅದು. ಸೀರೆಗಳನ್ನು ದಾನ ಮಾಡಿದ್ದಾಯಿತು, ಅವಳ ಕೈಯ ಉಪ್ಪಿನಕಾಯಿ ಮುಗಿದದ್ದಾಯಿತು. ಉಳಿದದ್ದು ಅದೊಂದೇ. ಬಟ್ಟೆ ಬಣ್ಣ ಮಾಸಿ, ಅಂಚು ಪಿಸಿಯತೊಡಗಿತು. ಅತೀಯಾ ಗಂಟನ್ನು ಮುಟ್ಟದೆ, ಅದರ ಮೇಲೆ ತೆಳುವಾದ ಮಲ್‌ಮಲ್ಲಿನ ಒರೆ ಹೊಲಿದುಕೊಂಡಳು. ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡುವಾಗ ನೀರು ಚರ್ಮಕ್ಕೆ ತಾಗುವಂತೆ ಮೇಲೆ ಸರಿಸಿ, ಮತ್ತೆ ಒರೆಸಿ ಒಣಗಿಸಿ ಕೆಳಗೆ ಎಳೆಯುತ್ತಿದ್ದಳು. ಹೆತ್ತ ಮಗಳು ಇಷ್ಟು ಮಾಡುತ್ತಾಳೆಯೇ ಎಂದು ದಸ್ತಗೀರ್‌ಸಾಬರು ಯೋಚಿಸುತ್ತಿದ್ದರು. ಜೊತೆಗೇ ಇನ್ನೊಂದು ಯೋಚನೆ ಬರುತ್ತಿತ್ತು, ಅದನ್ನು ಅವರು ಬಾಯಿಬಿಟ್ಟು ದುವಾದಲ್ಲಿಯೂ ಹೇಳಲಿಲ್ಲ. ಇವರು ಬಗ್ದಾದ್ ಸೇರಿದರೆ ಗಂಟು ಬಿಚ್ಚುತ್ತದೆ. ನಾಣ್ಯ ಯಾರದೋ ಕೈ ಸೇರುತ್ತದೆ. ಗಡಿ ಮುಚ್ಚಿರುವ ತನಕ ಗಂಟು ಇರುತ್ತದೆ.

ಬಿಲ್ಲೆಗಳು ಒಂದೊಂದಾಗಿ ಮೇಲಿನ ಸಾಲಿಗೆ ಏರತೊಡಗಿದವು. ದುಬೈ ತೆರೆಯಿತು, ಬಂದರ್ ಅಬ್ಬಾಸ್ ತೆರೆಯಿತು. ಆ ದಾರಿಯಲ್ಲಿ ಉಳಿದದ್ದು ಮೆಹ್ರಾನ್. ಆ ಗಡಿಯ ಸುದ್ದಿ ತಿಳಿಯಲು ಅವರಿಗೆ ಒಬ್ಬ ಮನುಷ್ಯನಿದ್ದ. ಲಿಂಗಸುಗೂರಿನ ಸರ್ದಾರಬಿಯ ಮಗ ದಾನಿಷ್ ಇರಾಕಿನಲ್ಲಿ ಲಾರಿ ನಡೆಸುತ್ತಿದ್ದ. ಪ್ರತಿ ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಫೋನು ಮಾಡುತ್ತಿದ್ದ. ಇಪ್ಪತ್ತೆರಡರ ಆಗಸ್ಟಿನ ಒಂದು ಶುಕ್ರವಾರ ಅವನು ಸಂತೋಷದಿಂದ ಹೇಳಿದ: ಮೆಹ್ರಾನಿನಲ್ಲಿ ಹೊರದೇಶದ ಗಾಡಿಗಳನ್ನು ಬಿಡುತ್ತಿದ್ದಾರೆ ಚಾಚಾ, ಕಾಗದ ಸರಿಯಿದ್ದರೆ ಸಾಕು, ಗ್ಯಾರವ್ವಿಯ ಹೊತ್ತಿಗೆ ಬಂದುಬಿಡಲಿ.

ದಸ್ತಗೀರ್‌ಸಾಬರು ಫೋನು ಇಟ್ಟು ಹಲಗೆಯ ಮುಂದೆ ಬಂದು ನಿಂತರು. ಬಿಲ್ಲೆಯನ್ನು ಮೊಳೆಯಿಂದ ತೆಗೆದರು. ಅಂಗೈಯಲ್ಲಿ ಹಿಡಿದುಕೊಂಡರು. ಅಂಗಳದಲ್ಲಿ ಅತೀಯಾ ಬಟ್ಟೆ ಒಣಹಾಕುತ್ತಿದ್ದಳು. ಕೈಯೆತ್ತಿದಾಗ ತೋಳಿನ ಒರೆ ಕಾಣುತ್ತಿತ್ತು. ಅವರು ಬಿಲ್ಲೆಯನ್ನು ತಿರುಗಿ ಕೆಳಗಿನ ಮೊಳೆಗೇ ಹಾಕಿದರು.

ಒಂದು ವಾರ ಹೋಯಿತು. ಎರಡು ವಾರ ಹೋಯಿತು. ದಾನಿಷ್ ಮತ್ತೆ ಫೋನು ಮಾಡಿದಾಗ, ನೋಡೋಣ ಬೇಟಾ ಎಂದು ಚುಟುಕಾಗಿ ಮುಗಿಸಿದರು. ನಮಾಜಿನಲ್ಲಿ ನಿಂತರೆ ಓದುತ್ತಿದ್ದ ಕುರಾನಿನ ಆಯತ್ತೇ ಮರೆಯುತ್ತಿತ್ತು. ಊಟದ ಹೊತ್ತಿಗೆ ಜಾಹೀದ್ ಹಲಗೆಯ ಕಡೆ ನೋಡಿ ಸುಮ್ಮನೆ ತಟ್ಟೆಗೆ ಕೈಹಾಕುತ್ತಿದ್ದ. ಅತೀಯಾ ಏನೂ ಕೇಳಲಿಲ್ಲ. ಗ್ಯಾರವ್ವಿ ಹತ್ತಿರ ಬರುತ್ತಿತ್ತು.

ಹತ್ತೊಂಬತ್ತನೆಯ ದಿನ ಪಂಪಣ್ಣ ಬಂದ. ಎಂದಿನಂತೆ ಬಾಗಿಲಿಂದಲೇ ಚಹಾ ಕೇಳಲಿಲ್ಲ. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ಸರ್ದಾರಬಿ ಸಿಕ್ಕಿ, ಮೆಹ್ರಾನ್ ತೆರೆದ ಸುದ್ದಿ ಹೇಳಿದ್ದಳು. ಅವನು ನೇರವಾಗಿ ಹಲಗೆಯ ಮುಂದೆ ಬಂದು ನಿಂತ.

"ದಸ್ತಗೀರಾ, ಪೀರ್‌ಸಾಬನ ಬಿಲ್ಲಿ ನೆನಪೈತೇನು?" ಎಂದ.

"ಐತಿ."

"ಅವತ್ತು ಮ್ಯಾನೇಜರ್ ಬಂದು ಹೇಳಿದ್ರೂ ನೀ ಬಗ್ಗಲಿಲ್ಲ. ಬಿಲ್ಲಿ ಸುಳ್ಳ ಹೇಳಂಗಿಲ್ಲ ಅಂದಿ. ನಾನೂ ಅದನ್ನ ನಂಬಿ ತೊಟ್ಟಿಲಾ ಇಳಿಸಿದೆ." ಪಂಪಣ್ಣ ಮೆಹ್ರಾನಿನ ಬಿಲ್ಲೆಯ ಕಡೆ ಬೆರಳು ಮಾಡಿದ. ಮುಟ್ಟಲಿಲ್ಲ. "ಈಗ ಇದು ಸುಳ್ಳ ಹೇಳಾಕತ್ತೈತಿ. ಹಿತ್ತಾಳಿ ತಾನಾಗಿ ಹೇಳಂಗಿಲ್ಲಪಾ. ಯಾರೋ ಹೇಳಿಸ್ಯಾರ."

ಪಂಪಣ್ಣ ಟೊಪ್ಪಿಗೆ ಹಾಕಿಕೊಂಡು ಹೋದ. ಚಹಾ ಕುಡಿಯದೆ ಅವನು ಆ ಮನೆಯಿಂದ ಹೋದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅವರು ಯಾರಿಗೂ ಹೇಳದೆ ಲಿಂಗಸುಗೂರಿನ ಬಸ್ಸು ಹತ್ತಿದರು. ಖಬರಸ್ತಾನದಲ್ಲಿ ರಹೀಮಾಬೀಯ ಮಣ್ಣಿನ ಮೇಲೆ ಗರಿಕೆ ಬೆಳೆದಿತ್ತು. ತಲೆದಿಸೆಯಲ್ಲಿ ಜಾಹೀದ್ ನಿಲ್ಲಿಸಿದ ಕಲ್ಲು. ಫಾತಿಹಾ ಓದಿ ಮುಗಿಸಿ ಅವರು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತರು. ನೀನೇ ಹೇಳಿದ್ದಲ್ಲವೇ ಬಿಚ್ಚಬೇಡಿ ಎಂದು, ನಾನು ಅದನ್ನೇ ನಡೆಸುತ್ತಿದ್ದೇನೆ ಎಂದು ಮನಸ್ಸಿನಲ್ಲೇ ವಾದ ಹೂಡಿದರು. ವಾದ ಹೂಡುತ್ತಿದ್ದಂತೆ ಬೇವಿನ ಮರ ನೆನಪಾಯಿತು. ಫೋನಿನಲ್ಲಿಯ ಆ ತೆಳ್ಳಗಿನ ದನಿ ನೆನಪಾಯಿತು. ಗಂಟು ಬಿಚ್ಚಬ್ಯಾಡ್ರಿ ಎಂದು ಹೇಳಿ ಅವಳು ಉಸಿರು ತೆಗೆದುಕೊಂಡಿದ್ದಳು. ಆಮೇಲೆ ಹೇಳಿದ ಮಾತು ಅವರಿಗೆ ಅಂದೂ ಕೇಳಿಸಿತ್ತು. ಒಂದು ವರ್ಷದ ಮೇಲಾಯಿತು, ಅದನ್ನು ಕೇಳಿಸಿಕೊಳ್ಳದವರಂತೆ ಇದ್ದರು. ಮುಟ್ಟೂತನಾ ಎಂದಿದ್ದಳು ಅವಳು. ಊರು ಮುಟ್ಟುವ ತನಕ.

ಅರ್ಧ ಮಾತನ್ನು ಇಟ್ಟುಕೊಂಡು ಅರ್ಧವನ್ನು ಮಣ್ಣು ಮಾಡಿದ್ದೆ ಎಂದು ಅವರಿಗೆ ತಿಳಿಯಿತು. ಸತ್ತವಳ ಹರಕೆಗೆ ನಾನೇ ಅಡ್ಡ ನಿಂತಿದ್ದೆ. ಅಲ್ಲಿಯೇ ತಪ್ಪಾಯಿತೆಂದು ತೌಬಾ ಮಾಡಿ, ಕಣ್ಣೊರೆಸಿಕೊಂಡು, ಗರಿಕೆಯ ಮೇಲಿದ್ದ ಒಣ ಎಲೆಗಳನ್ನು ಆಯ್ದು, ಬಂದ ಬಸ್ಸು ಮರಳುವಾಗ ಅದರಲ್ಲೇ ಹಿಂದಿರುಗಿದರು.

ಮನೆಯಲ್ಲಿ ಅತೀಯಾ ಒಬ್ಬಳೇ ಇದ್ದಳು. ದಸ್ತಗೀರ್‌ಸಾಬರು ಚಪ್ಪಲಿ ಬಿಟ್ಟು ನೇರವಾಗಿ ಹಲಗೆಯ ಹತ್ತಿರ ಹೋದರು. ಮೆಹ್ರಾನಿನ ಬಿಲ್ಲೆಯನ್ನು ತೆಗೆದು ಮೇಲಿನ ಮೊಳೆಗೆ ಹಾಕಿದರು. ಅದು ಸ್ವಲ್ಪ ಹೊತ್ತು ತೂಗಾಡಿ ನಿಂತಿತು.

"ಇದು ತೆರೆದು ಇಪ್ಪತ್ತು ದಿನ ಆತು, ಬೇಟಿ," ಎಂದರು. "ನಾನು ಮುಚ್ಚಿಟ್ಟಿದ್ದೆ."

ಅತೀಯಾ ಒಳಗೆ ಹೋಗಿ ಒಂದು ಫೈಲು ತಂದು ಅವರ ಮುಂದೆ ಬಿಚ್ಚಿದಳು. ವೀಸಾ ಇಬ್ಬರದೂ ಬಂದಿತ್ತು. ಗಾಡಿಯ ಹೊಸ ಪುಸ್ತಕವಿತ್ತು. ದಾರಿಯ ಹಾಳೆಗಳೆಲ್ಲ ಕ್ರಮವಾಗಿದ್ದವು. ಹಡಗಿನ ಅರ್ಜಿಯಲ್ಲಿ ಎಲ್ಲ ತುಂಬಿತ್ತು, ಹೊರಡುವ ತಾರೀಖಿನ ಜಾಗ ಮಾತ್ರ ಖಾಲಿ.

ಅವರು ಕಾಗದಗಳನ್ನು ಒಂದೊಂದಾಗಿ ತಿರುವಿ ನೋಡಿದರು. ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದರು.

"ನಿಮಗ ಗೊತ್ತಾದ ಮರುದಿನ, ಅಬ್ಬಾ. ನನ್ನ ಕೆಲಸಾನ ಅದಲ್ರೀ."

"ಮತ್ಯಾಕ ಹೇಳಲಿಲ್ಲ?"

"ಹಲಗಿ ನಿಮ್ಮದು. ಬ್ಯಾರೆಯವರು ಮುಟ್ಟಬಾರದಂತ ನೀವ ಹೇಳೀರಿ." ಅವಳು ತೋಳಿನ ಒರೆಯ ಮೇಲೆ ಕೈಯಿಟ್ಟುಕೊಂಡಳು. "ಇದನ್ನ ಬಿಚ್ಚೋದಂದ್ರ ನಿಮಗ ಏನಂತ ನನಗ ಗೊತ್ತೈತ್ರೀ. ನೀವ ಕಳಿಸಿದ್ರ ಹೋಗೂದು, ಇಲ್ಲಾಂದ್ರ ಇಲ್ಲ ಅಂತ ನಾವಿಬ್ರೂ ಮಾತಾಡ್ಕೊಂಡಿದ್ವಿ."

ಎರಡು ವರ್ಷ ದೇಶ ದೇಶದ ಕಚೇರಿಗಳ ಬಾಗಿಲು ಬಡಿದ ಹೆಣ್ಣುಮಗಳು, ತನ್ನ ಮನೆಯ ಮುದುಕನ ಮುಂದೆ ಇಪ್ಪತ್ತು ದಿನ ಬಡಿಯದೆ ಕಾದಿದ್ದಳು. ಹೊಗಳಿದರೆ ದೃಷ್ಟಿ ತಾಗುತ್ತದೆ ಎಂಬುದನ್ನು ದಸ್ತಗೀರ್‌ಸಾಬರು ಆ ಹೊತ್ತು ಮರೆತರು. ನಿನ್ನಂಥವಳು ನನ್ನ ದೀಪದ ಕೋಣೆಯಲ್ಲಿದ್ದಿದ್ದರೆ ನಾನು ಎಂಟು ತಾಸು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದೆ ಎಂದರು. ಅವರ ಬಾಯಿಂದ ಇದಕ್ಕಿಂತ ದೊಡ್ಡ ಮಾತು ಯಾರೂ ಕೇಳಿರಲಿಲ್ಲ. ಆಮೇಲೆ ತಾವೇ ಪೆನ್ನು ತೆಗೆದುಕೊಂಡು ತಾರೀಖಿನ ಜಾಗದಲ್ಲಿ ಗುರುವಾರವೊಂದನ್ನು ತುಂಬಿದರು.

ಹೊರಟ ದಿನ ಪಂಪಣ್ಣ ಸಂಸಾರ ಸಮೇತ ಬಂದು ಗಾಡಿಗೆ ನಿಂಬೆಹಣ್ಣು ಕಟ್ಟಿದ. ಅವನ ಹೆಂಡತಿ ಪಾರ್ವತೆಮ್ಮ ಶೇಂಗಾ ಹಿಂಡಿ, ಸಜ್ಜಿಯ ಕಟಕ ರೊಟ್ಟಿ ತಂದಿದ್ದಳು. ಆ ದೇಶದಾಗ ಉಪವಾಸ ಕೆಡವ್ಯಾರು ಎಂಬುದು ಅವಳ ಚಿಂತೆ. ಹೊಸ ಇಮಾಮ್ ಜಾಮೀನ್ ಕಟ್ಟಬೇಕೇ ಎಂದು ಯಾರೋ ಕೇಳಿದರು. ಬೇಡ, ಇವರು ಹೊರಟು ಎರಡೂವರೆ ವರ್ಷವಾಯಿತು, ಸರಾಯಿಯಿಂದ ಎದ್ದಿದ್ದಾರೆ ಅಷ್ಟೇ ಎಂದರು ದಸ್ತಗೀರ್‌ಸಾಬರು.

ಮುಂದಿನ ದಿನಗಳಲ್ಲಿ ಅವರು ಹಲಗೆಯ ಮುಂದೆಯೇ ಇದ್ದರೆನ್ನಬಹುದು. ದಾಟಿದ ಗಡಿಯ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಇರಾನಿನಲ್ಲಿ ಗಲಾಟೆಯೆಂಬ ಸುದ್ದಿ ಬಂದ ದಿನ ಅವರು ರೇಡಿಯೋ ಬಿಟ್ಟು ಏಳಲಿಲ್ಲ. ಅತೀಯಾ ಆ ಲೆಕ್ಕವನ್ನೂ ಹಾಕಿಟ್ಟಿದ್ದಳು; ದೊಡ್ಡ ಊರುಗಳನ್ನು ಬಿಟ್ಟು ಹಳ್ಳಿದಾರಿಯ ಹಾಳೆಯನ್ನು ಹೊರತೆಗೆದಳು. ಒಂದು ಬೆಟ್ಟದ ದಾರಿಯಲ್ಲಿ ಗಾಡಿ ನಿಂತಿತು. ಕತ್ತಲಾಗುತ್ತಿತ್ತು, ಬ್ಯಾಟರಿ ದೀಪವೂ ಆರಿತ್ತು. ಜಾಹೀದ್ ಕೈಯಾಡಿಸಿಯೇ ಬಿಚ್ಚಿ ಜೋಡಿಸಿ ಎಬ್ಬಿಸಿದನಂತೆ. ಅದನ್ನು ಕೇಳಿ ಪಂಪಣ್ಣ, ಕೋಳಿಗಳ ಋಣ ತೀರಿತು ಎಂದ. ಆ ಸ್ಪ್ರಿಂಗಿನ ಕಥೆಯನ್ನು ಅವನು ಮರೆತಿರಲಿಲ್ಲ.

ಗ್ಯಾರವ್ವಿಯ ದಿನ ಸಂಜೆ ಫೋನು ಬಂತು, ಮುಖ ಕಾಣುವ ಫೋನು. ಬಗ್ದಾದಿನಲ್ಲಿ ಇನ್ನೂ ಬಿಸಿಲಿತ್ತು. ದರ್ಗಾದ ದೊಡ್ಡ ಅಂಗಳ, ಕಂಬಗಳು, ಪಾರಿವಾಳಗಳು. ದಸ್ತಗೀರ್‌ಸಾಬರು ಟೊಪ್ಪಿಗೆ ಸರಿಮಾಡಿಕೊಂಡು, ತಮ್ಮ ಹೆಸರಿನ ಒಡೆಯರಿಗೆ ಸಲಾಮು ಸಲ್ಲಿಸಿದರು. ಅತೀಯಾಳ ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಅವಳು ಒರೆಯ ಹೊಲಿಗೆ ಬಿಡಿಸಿದ್ದಳು, ಆದರೆ ಕಣ್ಣಲ್ಲಿ ನೀರು. ಗಂಟು ಬಿಚ್ಚುತ್ತಿಲ್ಲ, ಎಳೆದಷ್ಟೂ ಬಿಗಿಯುತ್ತಿದೆ, ಬಟ್ಟೆ ಹರಿದೀತು, ಕತ್ತರಿ ಹಾಕಲು ಮನಸ್ಸು ಬಾರದು ಎಂದಳು.

ಪಂಪಣ್ಣ ಪಕ್ಕದಲ್ಲೇ ಕೂತಿದ್ದ. ಅತ್ತಿಗೆಯ ಗಂಟು, ನನಗೆ ಗೊತ್ತಿಲ್ಲವೇ ಎಂಬಂತೆ ತಲೆಯಾಡಿಸಿದ. ದಸ್ತಗೀರ್‌ಸಾಬರ ತೋರುಬೆರಳು ತಾನಾಗಿಯೇ ಗಾಳಿಯಲ್ಲಿ ಚಲಿಸಿತು. ಮೂವತ್ತೊಂದು ವರ್ಷ, ಪಾಳಿಗೊಮ್ಮೆ ಬಿಚ್ಚಿದ ಗಂಟು.

"ಎಳಿಬ್ಯಾಡ, ಬೇಟಿ," ಎಂದರು. "ಎಡಗಡೆ ತುದಿ ಹಿಡಿ. ಬೆರಳಿಲೆ ಒಳಗ ತಳ್ಳು. ಅಕಿ ಗಂಟು ಎಳದ್ರ ಬಿಗೀತೈತಿ, ತಳ್ಳಿದ್ರ ಬಿಡ್ತೈತಿ."

ಅತೀಯಾ ತಳ್ಳಿದಳು. ಗಂಟು ಹೂವಿನಂತೆ ಬಿಟ್ಟಿತು. ನಾಣ್ಯ ಅವಳ ಮಡಿಲಿಗೆ ಬಿತ್ತು. ಕಂಬದ ಬುಡದಲ್ಲಿ ಕೂತಿದ್ದ ಕಪ್ಪು ಅಬಾಯಾ ಹೊದ್ದ ಮುದುಕಿಯೊಬ್ಬಳ ಕೈಯಲ್ಲಿ ಅವಳು ಅದನ್ನು ಇಟ್ಟಳು. ಮುದುಕಿ ಆ ನಾಣ್ಯವನ್ನು ಹೊರಳಿಸಿ ನೋಡಿ, ಯಾವ ದೇಶದ್ದೋ ತಿಳಿಯದೆ, ಕಣ್ಣಿಗೊತ್ತಿಕೊಂಡು ಆಕಾಶದ ಕಡೆ ಕೈಯೆತ್ತಿದಳು. ದಸ್ತಗೀರ್‌ಸಾಬರು ಮಸ್ಕಿಯ ಪಡಸಾಲೆಯಲ್ಲಿ ಕೂತು ಆಮೀನ್ ಎಂದರು. ಗಂಟು ಹೋಯಿತೆಂದು ಎದೆ ಒಡೆಯುತ್ತದೆ ಎಂದು ಅವರು ಹೆದರಿದ್ದರು. ಹಾಗಾಗಲಿಲ್ಲ. ಬುತ್ತಿ ಬಿಚ್ಚಿ ಉಂಡ ದಿನಗಳಂತೆ ಹೊಟ್ಟೆ ತಣ್ಣಗಿತ್ತು.

ಫೋನು ಇಟ್ಟ ಮೇಲೆ, ಊರು ಮುಟ್ಟುವ ತನಕ ಉಳಿಸಿಕೊಂಡಿದ್ದ ಮೆಹ್ರಾನಿನ ಬಿಲ್ಲೆಯನ್ನೂ ತೆಗೆದು ಪೆಟ್ಟಿಗೆಗೆ ಹಾಕಿದರು. ಪಂಪಣ್ಣ ಎದ್ದು ಅಂಗಿ ಕೊಡವಿಕೊಂಡ. ಹರಕೆ ಮುಟ್ಟಿತಲ್ಲ, ಇನ್ನು ನಮ್ಮ ಮನೆಗೆ ನಡೆ, ಪಾರ್ವತೆಮ್ಮ ಚಹಾ ಇಟ್ಟಿದ್ದಾಳೆ ಎಂದ.

ದಸ್ತಗೀರ್‌ಸಾಬರು ಹಲಗೆಯ ಕೆಳತುದಿಯನ್ನು ತೋರಿಸಿದರು. ಜಾಹೀದನದೊಂದು, ಅತೀಯಾಳದೊಂದು.

"ಎರಡು ಬಿಲ್ಲಿ ಇನ್ನೂ ಮೊಳಿ ಮ್ಯಾಲ ಅದಾವ, ಪಂಪಣ್ಣ. ಚಾ ಇಲ್ಲೇ ತರಿಸು."